ಮಾಂಡೋವಿಯ ದಡದಲ್ಲೊಂದು ಚುಕ್ಕಾಣಿ

ಹಳೆಯ ಗೋವೆಯಲ್ಲಿ ವೈಸರಾಯ್ ಕಮಾನಿನ ಕೆಳಗೆ ನುಸುಳಿ ಹೊರಟ ದಾರಿ ಬಹುದೂರ ಹೋಗುವುದಿಲ್ಲ. ಮಾಂಡೋವಿಯ ನೀರಿನಲ್ಲಿ ಮುಗಿದುಹೋಗುತ್ತದೆ. ವಾಸ್ಕೋ ಡ ಗಾಮನ ಮರಿಮಗ ತಾನು ವೈಸರಾಯನಾಗಿದ್ದ ಕಾಲದಲ್ಲಿ, 1599ರಲ್ಲಿ, ಕಟ್ಟಿಸಿದ ಕಮಾನು ಅದು. ನಡುವೆ ಕುಸಿದುಬಿದ್ದುದನ್ನು 1954ರಲ್ಲಿ ಮತ್ತೆ ಎತ್ತಿ ನಿಲ್ಲಿಸಿದರು. ಒಂದು ಕಾಲಕ್ಕೆ ಲಿಸ್ಬನ್ನಿನಿಂದ ಬಂದಿಳಿದ ಹೊಸ ವೈಸರಾಯರು ವಾದ್ಯಮೇಳದೊಡನೆ ಒಳಬರುತ್ತಿದ್ದ ಬಾಗಿಲಿನಲ್ಲಿ ಈಗ ದಿವಾಡಿ ದ್ವೀಪಕ್ಕೆ ಹೋಗುವ ಸ್ಕೂಟರುಗಳು, ಮೀನಿನ ಬುಟ್ಟಿ ಹೊತ್ತ ಹೆಂಗಸರು, ನೀಲಿ ಚೀಲ ತೂಗಿಕೊಂಡ ಶಾಲೆಯ ಮಕ್ಕಳು ಹೊರಬೀಳುತ್ತಾರೆ. ಯಾರೂ ತಲೆಯೆತ್ತಿ ಕಮಾನಿನತ್ತ ನೋಡುವುದಿಲ್ಲ. ಎಲ್ಲರ ಕಣ್ಣೂ ಎದುರು ದಡದಿಂದ ಬರುತ್ತಿರುವ ದೋಣಿಯ ಮೇಲೆ.

ದೋಣಿ ಎಂದರೆ ಕಬ್ಬಿಣದ ಚಪ್ಪಟೆ ತಟ್ಟೆ. ವಾಹನಗಳೂ ಮನುಷ್ಯರೂ ಒಟ್ಟಿಗೆ ಏರುವಂಥದು. ಮಳೆಗಾಲದ ಇಳಿತದ ಹೊತ್ತಿನಲ್ಲಿ ಕೆಮ್ಮಣ್ಣಿನ ನೀರು ಸಮುದ್ರದ ಕಡೆಗೆ ರಭಸದಿಂದ ಜಾರುತ್ತಿರುವಾಗ ಅದು ನದಿಯನ್ನು ದಾಟುವ ರೀತಿ ನೋಡತಕ್ಕದ್ದು. ಮೂತಿ ಎದುರು ಗಟ್ಟೆಯ ಕಡೆಗಿರುವುದಿಲ್ಲ, ಅದಕ್ಕೂ ಬಹಳ ಮೇಲಕ್ಕೆ, ಹೊಳೆ ಹರಿದುಬರುವ ದಿಕ್ಕಿಗೆ ಓರೆಯಾಗಿರುತ್ತದೆ. ಏಡಿಯಂತೆ ಅಡ್ಡಡ್ಡ ನಡೆದು, ಕೊನೆಗೆ ಸರಿಯಾಗಿ ಗಟ್ಟೆಗೇ ಬಂದು ತಾಗುತ್ತದೆ. ಮೇಲಿನ ಕಿರುಕೋಣೆಯಲ್ಲಿ ಚಕ್ರ ಹಿಡಿದ ಮನುಷ್ಯನನ್ನು ಪ್ರಯಾಣಿಕರು ಕಾಣಬಲ್ಲರು. ಅವನು ಆಳುತ್ತಿರುವ ಚುಕ್ಕಾಣಿಯನ್ನು ಮಾತ್ರ ಯಾರೂ ಕಾಣರು. ಅದು ಹಿಂಬದಿಯಲ್ಲಿ, ಕೆಸರುನೀರಿನ ಕೆಳಗೆ, ತನ್ನಷ್ಟಕ್ಕೆ ತಿರುಗಿಕೊಂಡಿರುತ್ತದೆ. ಚಕ್ರ ಹಿಡಿದವನಿಗೂ ಅದು ಕಾಣದು.

ದಿವಾಡಿಗೆ ಸಂಸ್ಕೃತದ ಹೆಸರು ದೀಪವತಿ ಎಂದು ಹೇಳುತ್ತಾರೆ. ಕನ್ನಡಿಗನಿಗೆ ಈ ದ್ವೀಪ ಸಂಪೂರ್ಣ ಪರಸ್ಥಳವಲ್ಲ. ಗೋವೆಯ ಕದಂಬ ಅರಸರು ತಮ್ಮ ಶಾಸನಗಳಲ್ಲಿ 'ಸಪ್ತಕೋಟೀಶ್ವರ ಲಬ್ಧವರಪ್ರಸಾದ' ಎಂದು ಬಿರುದು ಹಾಕಿಕೊಂಡ ಆ ಸಪ್ತಕೋಟೀಶ್ವರನ ಮೂಲ ನೆಲೆ ಇಲ್ಲಿಯೇ ಇತ್ತು. ಪೋರ್ತುಗೀಸರ ಕಾಲದಲ್ಲಿ ದೇವಾಲಯ ಹಾಳಾಗಿ, ಲಿಂಗವು ಹೊಳೆ ದಾಟಿ ಆಚೆಯ ನಾರ್ವೆಗೆ ಹೋಯಿತು. 1668ರಲ್ಲಿ ಶಿವಾಜಿ ಅಲ್ಲಿ ಗುಡಿಯನ್ನು ಕಟ್ಟಿಸಿದ. ಈಗ ದಿವಾಡಿಯ ಗುಡ್ಡದ ನೆತ್ತಿಯಲ್ಲಿ ಬಿಳಿಯ ಇಗರ್ಜಿ ನಿಂತಿದೆ. ಅದರ ಬುಡದಿಂದ ಹೊಳೆಯವರೆಗೆ ಹಬ್ಬಿರುವ ತಗ್ಗುಗದ್ದೆಗಳನ್ನು ಗೋವೆಯವರು ಖಾಜನವೆನ್ನುತ್ತಾರೆ. ಉಪ್ಪುನೀರನ್ನು ಒಡ್ಡು ಕಟ್ಟಿ ತಡೆದು, ಮಳೆಯ ಸಿಹಿನೀರಿನಲ್ಲಿ ಬತ್ತ ಬೆಳೆಯುವ ಆ ಪದ್ಧತಿಯನ್ನು ಕುಮಟೆಯ ಅಘನಾಶಿನಿಯ ಗಜನಿ ಗದ್ದೆಗಳಲ್ಲಿ ಕಂಡವರಿಗೆ ಇಲ್ಲಿ ವಿವರಿಸಬೇಕಾದುದೇನೂ ಇಲ್ಲ.

ಇನ್ನು ಕಾಲಕೆಳಗಿನ ನೀರಿನ ಮಾತು. ಮಾಂಡೋವಿ ಎಂದರೆ ಮಹದಾಯಿ. ಬೆಳಗಾವಿ ಜಿಲ್ಲೆಯ ಖಾನಾಪುರ ತಾಲೂಕಿನ ಭೀಮಗಡದ ಕಾಡಿನಲ್ಲಿ ಹುಟ್ಟಿ, ಘಟ್ಟ ಇಳಿದು, ಹೆಸರು ಬದಲಿಸಿಕೊಂಡು ಇಲ್ಲಿಗೆ ಬಂದಿದೆ. ಈ ನದಿಯ ಪಾಲಿಗಾಗಿ ನರಗುಂದ, ನವಲಗುಂದಗಳ ರೈತರು 2015ರಿಂದ ನಡೆಸಿದ ಚಳವಳಿಯ ಸುದ್ದಿಯನ್ನು ವಾಚಕರು ಓದಿಯೇ ಇರುತ್ತಾರೆ. 2018ರಲ್ಲಿ ನ್ಯಾಯಾಧಿಕರಣವು ಕರ್ನಾಟಕಕ್ಕೆ 13.42 ಟಿಎಂಸಿ ಅಡಿ ನೀರನ್ನು ಹಂಚಿತು. ವ್ಯಾಜ್ಯ ಅದರಿಂದಲೂ ತೀರಲಿಲ್ಲ. ಆ ನರಗುಂದದ ಕಡೆಯ ಒಬ್ಬ ಮನುಷ್ಯ ಇದೇ ನೀರಿನ ದಡದಲ್ಲಿ ನಿತ್ಯವೂ ಅನ್ನ ಸಂಪಾದಿಸುತ್ತಾನೆಂಬುದು ವಿಚಿತ್ರ ಯೋಗ. ಅವನು ದೋಣಿಗಳಿಗೆ ತಂತಿ ಎಳೆಯುವ ಎಲೆಕ್ಟ್ರಿಷಿಯನ್.

ಜೂನ್ ತಿಂಗಳಿನಲ್ಲಿ ಅರಬ್ಬೀ ಸಮುದ್ರ ಕೆರಳಿತೆಂದರೆ ಗೋವೆಯ ವಿಹಾರದ ದೋಣಿಗಳೆಲ್ಲ ಹೊಳೆಯೊಳಗೆ ಬಂದು ಅಡಗುತ್ತವೆ. ಕೆಲವನ್ನು ದಡಕ್ಕೆ ಎಳೆದು, ಮರದ ಮತ್ತು ಕಬ್ಬಿಣದ ಆಸರೆಗಳ ಮೇಲೆ ನಿಲ್ಲಿಸಿ, ಮೇಲೆ ತಾಡಪತ್ರಿ ಹೊದಿಸುತ್ತಾರೆ. ನೀರಿನಲ್ಲಿರುವಾಗ ಹಂಸದಂತೆ ಕಾಣುವ ಹಾಯಿದೋಣಿ ನೆಲದ ಮೇಲೆ ನಿಂತಾಗ ಪೆದ್ದುಪೆದ್ದಾಗಿ ಕಾಣುತ್ತದೆ. ಕೆಳಗೆ ಕೀಲ್ ಎಂಬ ಭಾರದ ರೆಕ್ಕೆ, ಹಿಂದೆ ಚುಕ್ಕಾಣಿಯ ಹಲಗೆ, ಮೈತುಂಬ ಚಿಪ್ಪುಹುಳುಗಳ ಕಲೆ. ಆದರೆ ನಾವಿಕನು ವರ್ಷವೆಲ್ಲ ನಂಬಿಕೊಂಡು, ಕಣ್ಣಿನಿಂದ ಕಾಣದೆ ಇದ್ದುದನ್ನು ಕಾಣುವುದು ಈ ಎರಡು ಮೂರು ತಿಂಗಳಲ್ಲಿ ಮಾತ್ರ.

ದಿವಾಡಿಗೆ ದೋಣಿಯ ಕಸುಬಿನಲ್ಲಿ ದೊಡ್ಡ ಹೆಸರಿದೆ. ನೌಕಾದಳದ ಹಾಯಿನೌಕೆಗಳಾದ 'ಮಹದೇಯಿ' ಮತ್ತು 'ತಾರಿಣಿ' ಕಟ್ಟಲ್ಪಟ್ಟುದು ಈ ದ್ವೀಪದ ಒಂದು ಕಾರ್ಖಾನೆಯಲ್ಲಿ. ನದಿಯ ಹೆಸರನ್ನೇ ಹೊತ್ತ ಮಹದೇಯಿಯಲ್ಲಿ ದಿಲೀಪ್ ದೋಂದೆ 2009-10ರಲ್ಲಿ ಒಬ್ಬನೇ ಭೂಪ್ರದಕ್ಷಿಣೆ ಮಾಡಿದ. 2012-13ರಲ್ಲಿ ಅಭಿಲಾಷ್ ಟಾಮಿ ಎಲ್ಲಿಯೂ ನಿಲ್ಲದೆ ಸುತ್ತಿಬಂದ. ತಾರಿಣಿಯಲ್ಲಿ ವರ್ತಿಕಾ ಜೋಶಿಯ ನಾಯಕತ್ವದಲ್ಲಿ ಆರು ಮಂದಿ ಮಹಿಳಾ ಅಧಿಕಾರಿಗಳು 2017ರ ಸೆಪ್ಟೆಂಬರ್ 10ರಂದು ಇದೇ ಮಾಂಡೋವಿಯಿಂದ ಹೊರಟು, 2018ರ ಮೇ 21ರಂದು ಇಲ್ಲಿಗೇ ಮರಳಿದರು. ದಕ್ಷಿಣ ಮಹಾಸಾಗರದ ಬೆಟ್ಟದಂಥ ಅಲೆಗಳನ್ನೆಲ್ಲ ಗೆದ್ದುಬಂದ ಆ ನೌಕೆಗೆ, ಮನೆ ಹತ್ತಿರವಾಗುತ್ತಿದ್ದಾಗ, ಏಪ್ರಿಲ್ ತಿಂಗಳಿನಲ್ಲಿ ಕೈಕೊಟ್ಟುದು ಚುಕ್ಕಾಣಿಯನ್ನು ತಿರುಗಿಸುವ ಯಂತ್ರಭಾಗ. ಮಾರಿಷಸ್ಸಿನ ಪೋರ್ಟ್ ಲೂಯಿಗೆ ಹೋಗಿ ದುರಸ್ತಿ ಮಾಡಿಸಿಕೊಂಡು ಮುಂದುವರಿಯಬೇಕಾಯಿತು. ಅದೇ ಅಭಿಲಾಷ್ ಟಾಮಿ 2022-23ರ ಗೋಲ್ಡನ್ ಗ್ಲೋಬ್ ಸ್ಪರ್ಧೆಯಲ್ಲಿ, ಗಾಳಿಯ ಬಲದಿಂದಲೇ ದೋಣಿಯ ದಿಕ್ಕು ಕಾಯುವ ಸಾಧನ ಮುರಿದಾಗ ಶೌಚಾಲಯದ ಬಾಗಿಲನ್ನು ಕೊಯ್ದು ಅದಕ್ಕೆ ಹಲಗೆ ಮಾಡಿಕೊಂಡು, ಎರಡನೆಯವನಾಗಿ ಗುರಿ ಮುಟ್ಟಿದ. ಯುದ್ಧನೌಕೆಗಳ ಕಥೆಯೂ ಬೇರೆಯಲ್ಲ. 1941ರ ಮೇ 26ರಂದು ಹಳೆಯ ಮಾದರಿಯ ಒಂದು ವಿಮಾನ ಎಸೆದ ಟಾರ್ಪೆಡೊ ತಗುಲಿ ಜರ್ಮನಿಯ ಬಿಸ್ಮಾರ್ಕ್ ನೌಕೆಯ ಚುಕ್ಕಾಣಿ ಎಡಕ್ಕೆ 12 ಡಿಗ್ರಿಯಲ್ಲಿ ಸಿಕ್ಕಿಕೊಂಡಿತು. ತೋಪು, ಎಂಜಿನು, ಸಾವಿರಾರು ನಾವಿಕರು ಎಲ್ಲ ಇದ್ದೂ ಆ ಮಹಾನೌಕೆ ಶತ್ರುವಿನ ಕಡೆಗೇ ಸುತ್ತುಹೊಡೆಯಿತು, ಮರುದಿನ ಮುಳುಗಿತು.

ಆ ಪ್ರಸಿದ್ಧ ಕಾರ್ಖಾನೆಯಿಂದ ಬೇರೆಯಾಗಿ, ಹೊಳೆಯಂಚಿನ ಕಾಂಡ್ಲಾಕಾಡನ್ನು ತುಸು ಸರಿಸಿ ಮಾಡಿಕೊಂಡ ಸಣ್ಣಪುಟ್ಟ ಅಂಗಳಗಳಿವೆ. ಅಂಥ ಒಂದರಲ್ಲಿ, ಕಳೆದ ಮಳೆಗಾಲ, 34 ಅಡಿಯ ಫೈಬರ್ ಗ್ಲಾಸಿನ ಹಾಯಿದೋಣಿಯೊಂದು ಆಸರೆಯ ಮೇಲೆ ನಿಂತಿತ್ತು. ಅದರ ಒಡೆಯ ಮಧ್ಯವಯಸ್ಕ ಗೋವೆಕರ. ಕೆಲಸಗಾರರು ಅವನನ್ನು 'ಪಾತ್ರಾಂವ್' ಎನ್ನುತ್ತಾರೆ. ಯಜಮಾನ ಎಂಬುದಕ್ಕೆ ಕೊಂಕಣಿಯವರು ಪೋರ್ತುಗೀಸಿನಿಂದ ಇಟ್ಟುಕೊಂಡ ಶಬ್ದ. ಚಳಿಗಾಲದಲ್ಲಿ ಪ್ರವಾಸಿಗರನ್ನು ಸಂಜೆಯ ವಿಹಾರಕ್ಕೆ ಕರೆದೊಯ್ಯುವುದು ಅವನ ವೃತ್ತಿ. ಈ ಸಲ ಅವನ ಮನಸ್ಸು ದೊಡ್ಡದಾಗಿತ್ತು. ಮಳೆ ನಿಂತೊಡನೆ ಅಗುವಾದದ ಮರಳುದಿಣ್ಣೆಯನ್ನು ದಾಟಿ, ದಕ್ಷಿಣಕ್ಕೆ ಕಾರವಾರದವರೆಗೆ ಎರಡು ದಿನದ ಯಾನವನ್ನು ಏರ್ಪಡಿಸುವ ಯೋಜನೆ. ರಾತ್ರಿಯ ಪಯಣವಾದ್ದರಿಂದ ಚಕ್ರ ಹಿಡಿದೇ ನಿಲ್ಲುವುದು ಕಷ್ಟವೆಂದು ತಾನಾಗಿ ದೋಣಿ ನಡೆಸುವ ಆಟೋಪೈಲಟ್ ಯಂತ್ರವನ್ನು ತರಿಸಿದ್ದ. ಆ ಯಂತ್ರಕ್ಕೆ ಒಂದೇ ಹಟ: ಚುಕ್ಕಾಣಿ ಈ ಕ್ಷಣದಲ್ಲಿ ಎಷ್ಟು ಡಿಗ್ರಿಯಲ್ಲಿದೆಯೆಂದು ಹೇಳದಿದ್ದರೆ ಅದು ಕೆಲಸ ಮಾಡದು.

ಅದನ್ನು ಹೇಳಿಸುವ ಕೆಲಸಕ್ಕೆ ಬಂದವನೇ ನರಗುಂದದ ಕಡೆಯವನು. ಊರಿನಲ್ಲಿದ್ದಾಗ ಬೋರ್‌ವೆಲ್ಲಿನ ಮೋಟಾರು ಸುತ್ತುತ್ತಿದ್ದ. ಬೋರುಗಳು ಬತ್ತಿದ ವರ್ಷ ಮೋಟಾರು ಸುಡುವುದೂ ನಿಂತು, ಅವನಿಗೂ ಕೆಲಸ ನಿಂತು, ಅನೇಕರು ಹಿಡಿದ ದಾರಿಯನ್ನೇ ಹಿಡಿದು ಘಟ್ಟ ಇಳಿದ. ಕೊಂಕಣಿಯನ್ನು ಕಲಿತ, ಈಜು ಇನ್ನೂ ಬರುವುದಿಲ್ಲ. ಘಟ್ಟದ ಮೇಲಿನವರನ್ನು ಗೋವೆಯಲ್ಲಿ 'ಘಾಂಟಿ' ಎನ್ನುವ ವಾಡಿಕೆಯುಂಟು. ಆ ಮಾತಿನೊಳಗಿನ ತಾತ್ಸಾರ ಕೇಳುವವನಿಗೆ ಚೆನ್ನಾಗಿಯೇ ತಿಳಿಯುತ್ತದೆ. ಅವನೊಡನೆ ಅಕ್ಕನ ಮಗ, ಹದಿನೆಂಟರ ಹುಡುಗ, ಐಟಿಐ ಮುಗಿಸಿ ಕೈಕೆಲಸ ಕಲಿಯಲು ಬಂದಿದ್ದ.

ದೋಣಿಯ ಒಳರಚನೆಯನ್ನು ಸ್ವಲ್ಪ ತಿಳಿಯದಿದ್ದರೆ ಮುಂದಿನದು ಅರ್ಥವಾಗದು. ಹಳ್ಳಿಯ ಸಣ್ಣ ದೋಣಿಯಲ್ಲಿ ಚುಕ್ಕಾಣಿಯ ತಲೆಗೇ ಒಂದು ಹಿಡಿಕೋಲು ಕೂಡಿರುತ್ತದೆ. ಕೋಲು ಎತ್ತಲೋ ಚುಕ್ಕಾಣಿ ಅದಕ್ಕೆ ತಕ್ಕಂತೆ. ಅಲ್ಲಿ ಸುಳ್ಳಿಗೆ ಎಡೆಯಿಲ್ಲ. ದೋಣಿ ದೊಡ್ಡದಾದ ಕೂಡಲೇ ನಡುವೆ ಮಧ್ಯಸ್ಥರು ಹುಟ್ಟಿಕೊಳ್ಳುತ್ತಾರೆ. ಚಕ್ರವನ್ನು ತಿರುಗಿಸಿದರೆ ಅದರ ಹಿಂದಿನ ಸರಪಳಿ ಎಳೆಯುತ್ತದೆ. ಸರಪಳಿಗೆ ಉಕ್ಕಿನ ತಂತಿಹಗ್ಗ. ತಂತಿಹಗ್ಗ ರಾಟೆಗಳ ಮೇಲೆ ಹಾದು ಹಿಂಬದಿಯ ಕತ್ತಲೆಗೂಡಿಗೆ ಹೋಗಿ, ಚುಕ್ಕಾಣಿಯ ದಂಡಕ್ಕೆ ಬಿಗಿದ ಕಾಲುಚಕ್ರವನ್ನು ಎಳೆಯುತ್ತದೆ. ಚಕ್ರದ ಮೇಲೆ ಕೈಯಿಟ್ಟವನಿಗೆ ಗೊತ್ತಾಗುವುದು ತಾನು ಕೊಟ್ಟ ಅಪ್ಪಣೆ ಮಾತ್ರ. ಅಪ್ಪಣೆ ನಡೆಯಿತೋ ಇಲ್ಲವೋ ತಿಳಿಯುವುದು ದೋಣಿ ತಿರುಗಿದ ಮೇಲೆ.

ಹಳೆಯ ನಾವಿಕರು ಇದಕ್ಕೊಂದು ಸುಲಭ ಉಪಾಯ ಮಾಡಿಕೊಂಡಿದ್ದರು. ಚುಕ್ಕಾಣಿ ನೆಟ್ಟಗಿರುವಾಗ ಚಕ್ರದ ಯಾವ ಅರೆಕಾಲು ಮೇಲ್ಗಡೆ ಬರುವುದೋ ಅದಕ್ಕೆ ಹುರಿಯ ಗಂಟೊಂದನ್ನು ಅಂದವಾಗಿ ಹೆಣೆದು ತೊಡಿಸುವುದು. ಕತ್ತಲೆಯಲ್ಲಿಯೂ ಕೈ ತಡವಿದರೆ ಗಂಟು ಸಿಗುತ್ತದೆ. ಗಂಟು ಮೇಲಿದ್ದರೆ ಚುಕ್ಕಾಣಿ ನಡುವಿನಲ್ಲಿದೆ ಎಂದರ್ಥ. ಈ ದೋಣಿಯ ಚಕ್ರದಲ್ಲಿಯೂ ಅಂಗಳದ ಮುದಿ ಮೇಸ್ತ್ರಿ ಹಾಕಿದ ಅಂಥ ಗಂಟಿತ್ತು. "ಇದಕ್ಕಿಂತ ದೊಡ್ಡ ಮೀಟರು ಯಾಕೆ?" ಎಂಬುದು ಅವನ ವಾದ. ವಾದದಲ್ಲಿ ಹುರುಳಿಲ್ಲವೆಂದು ಹೇಳಲಾಗದು. ಆದರೆ ಗಂಟು ಕಟ್ಟಿರುವುದು ಚಕ್ರಕ್ಕೆ, ಚುಕ್ಕಾಣಿಗಲ್ಲ. ಪ್ರಸಂಗವಶಾತ್ ಒಂದು ಮಾತು: ಚುಕ್ಕಾಣಿ ಎಂಬ ನಮ್ಮ ಶಬ್ದವೂ ಸಮುದ್ರಮಾರ್ಗದಲ್ಲಿಯೇ ಬಂದದ್ದು. ಅರಬ್ಬೀ ಭಾಷೆಯ 'ಸುಕ್ಕಾನ್', ಮರಾಠಿಯ 'ಸುಕಾಣು', ತಮಿಳಿನ 'ಸುಕ್ಕಾನ್' ಎಲ್ಲ ಒಂದೇ ಮನೆತನದವು.

ದೋಣಿಯಲ್ಲಿ ಹಳೆಯ ಕೋನಸೂಚಕ ಸೆನ್ಸರೊಂದು ಮೊದಲೇ ಇತ್ತು. ಡಬ್ಬಿಯಂಥ ಅದರ ನೆತ್ತಿಯಲ್ಲಿ ಒಂದು ಸಣ್ಣ ತೋಳು. ಆ ತೋಳಿನಿಂದ ಒಂದು ಸಲಾಕೆ ಚುಕ್ಕಾಣಿಯ ದಂಡದ ತೋಳಿಗೆ. ಎರಡು ತೋಳುಗಳ ಉದ್ದ ಸಮನಾಗಿದ್ದು, ಸಲಾಕೆಯೂ ಎರಡರ ನಡುವಿನ ಅಂತರಕ್ಕೆ ಸಮನಾಗಿದ್ದರೆ, ರೇಖಾಗಣಿತದ ಸಮಾಂತರ ಚತುರ್ಭುಜ ಏರ್ಪಟ್ಟು, ಚುಕ್ಕಾಣಿ ಎಷ್ಟು ತಿರುಗಿತೋ ಸೆನ್ಸರೂ ಅಷ್ಟೇ ತಿರುಗುತ್ತದೆ. ಒಳಗೆ ತಿರುಗಿದಂತೆ ವಿದ್ಯುತ್ತಿನ ತಡೆ ಹೆಚ್ಚುಕಡಿಮೆಯಾಗುತ್ತದೆ. ಹಿಂದಿನ ಕಾಲದ ರೇಡಿಯೊದಲ್ಲಿ ಧ್ವನಿ ಏರಿಸುವ ತಿರುಗಣಿಯ ತತ್ತ್ವವೇ. ಆದರೆ ಹೊಸ ಯಂತ್ರಗಳಿಗೆ ಆ ಭಾಷೆ ತಿಳಿಯದು. ಅವು ಒಂದೇ ಸಮಾನ ತಂತಿಯ ಮೇಲೆ ಅಂಕಿಗಳ ಭಾಷೆಯಲ್ಲಿ, ಸೆಕೆಂಡಿಗೆ 2,50,000 ಬಿಟ್ಟುಗಳ ವೇಗದಲ್ಲಿ ಮಾತನಾಡುತ್ತವೆ. ಎನ್‌ಎಂಇಎ 2000 ಎಂದು ಆ ಪದ್ಧತಿಯ ಹೆಸರು. ಆದಕಾರಣ ನಡುವೆ ಒಬ್ಬ ದುಭಾಷಿ ಬೇಕು. ಅಡಾಪ್ಟರ್ ಎಂಬುದು ಆ ದುಭಾಷಿ: ಮುಷ್ಟಿಯಲ್ಲಿ ಹಿಡಿಯಬಹುದಾದ ಕರಿಯ ಡಬ್ಬಿ, ಒಂದು ಕಡೆಯಿಂದ ಓಮ್‌ಗಳನ್ನು ನುಂಗಿ ಇನ್ನೊಂದು ಕಡೆಯಿಂದ ಡಿಗ್ರಿಗಳನ್ನು ಹೇಳುವಂಥದು.

ಹಿಂಬದಿಯ ಗೂಡು ಮನುಷ್ಯನಿಗಾಗಿ ಮಾಡಿದ್ದಲ್ಲ. ಹುಡುಗ ಹೊಟ್ಟೆಯ ಮೇಲೆ ತೆವಳಿ ಒಳಗೆ ಹೋದ. ಮಾವ ಬಾಯಿಯಲ್ಲಿ ಕೂತು ದೀಪ ಹಿಡಿದ. ಮೊದಲು ನೋಡಬೇಕಾದುದು ವಿದ್ಯುತ್ತನ್ನಲ್ಲ, ಸಲಾಕೆಯನ್ನು. ಚುಕ್ಕಾಣಿ ಎಡಕ್ಕೂ ಬಲಕ್ಕೂ ಸುಮಾರು 35 ಡಿಗ್ರಿಯವರೆಗೆ ಹೊರಳುತ್ತದೆ. ಅದಕ್ಕಿಂತ ಹೆಚ್ಚು ತಿರುಗಿಸಿದರೆ ನೀರು ಹಲಗೆಯನ್ನು ಅಪ್ಪಿ ಹರಿಯುವುದನ್ನು ಬಿಟ್ಟು ಸುಳಿಯಾಗುವುದರಿಂದ ಲಾಭವಿಲ್ಲ. ಆ ಎರಡು ತುದಿಗಳಲ್ಲಿ ಸಲಾಕೆ ಎಲ್ಲಿಯಾದರೂ ತಾಗಿ ಸಿಕ್ಕಿಕೊಂಡರೆ, ಚುಕ್ಕಾಣಿಯ ಸುದ್ದಿ ಹೇಳಲು ಇಟ್ಟ ವಸ್ತುವೇ ಚುಕ್ಕಾಣಿಯನ್ನು ಕಟ್ಟಿಹಾಕಿದಂತಾಗುತ್ತದೆ. ಅವನು ಹುಡುಗನಿಂದ ಮೂರು ಬಾರಿ ಎರಡು ತುದಿಗಳನ್ನೂ ಮುಟ್ಟಿಸಿ ನೋಡಿದ.

ಆಮೇಲೆ ಮೀಟರು ಹಿಡಿದು ತಡೆಯನ್ನು ಅಳೆದ. ಯುರೋಪಿನ ಮಾದರಿಯ ಸೆನ್ಸರುಗಳು ಒಂದು ತುದಿಯಲ್ಲಿ 10, ಇನ್ನೊಂದು ತುದಿಯಲ್ಲಿ 180 ಓಮ್ ತೋರಿಸುತ್ತವೆ. ಅಮೆರಿಕದವು 240ರಿಂದ ಇಳಿಯುತ್ತ 33ಕ್ಕೆ ಬರುತ್ತವೆ. ಇದು ಯುರೋಪಿನದು. ಅಡಾಪ್ಟರಿಗೆ ಮಾದರಿಯನ್ನು ಸರಿಯಾಗಿ ತಿಳಿಸದಿದ್ದರೆ ದುಭಾಷಿ ಎಡವನ್ನು ಬಲವೆಂದು ಹೇಳುವ ಸಂಭವವುಂಟು. ಹಳೆಯ ಮುಳ್ಳಿನ ಮೀಟರಿಗೆ ಹೋಗುತ್ತಿದ್ದ ತಂತಿಯನ್ನು ಅವನು ಬಿಡಿಸಿದ. ಒಬ್ಬ ಸಾಕ್ಷಿಯನ್ನು ಇಬ್ಬರು ವಕೀಲರು ಏಕಕಾಲದಲ್ಲಿ ಪ್ರಶ್ನಿಸಿದರೆ ಉತ್ತರ ಕೆಡುತ್ತದೆ.

ತಂತಿ ಕೂಡಿಸುವುದರಲ್ಲಿ ಅವನ ಕೈ ನಿಧಾನ. ನರಗುಂದದಲ್ಲಿ ತಾಮ್ರವನ್ನು ಹೊಸೆದು ಟೇಪು ಸುತ್ತಿದರೆ ಹತ್ತು ವರ್ಷ ಬಾಳುತ್ತಿತ್ತು. ಇಲ್ಲಿ ಉಪ್ಪುಗಾಳಿಗೆ ಒಂದೇ ಮಳೆಗಾಲದಲ್ಲಿ ಹಸುರು ಪುಡಿಯಾಗುತ್ತದೆ. ಆದ್ದರಿಂದ ತವರ ಲೇಪಿಸಿದ ತಂತಿಯೇ ಆಗಬೇಕು. ತುದಿಗೆ ಟರ್ಮಿನಲ್ ಹಾಕಿ ಯಂತ್ರದಿಂದ ಒತ್ತಬೇಕು. ಮೇಲೆ ಅಂಟಿನ ಕೊಳವೆ ತೊಡಿಸಿ ಬಿಸಿಗಾಳಿ ಬಿಟ್ಟು ಬಿಗಿಸಬೇಕು. ಡಬ್ಬಿಯೊಳಗೆ ಹೋಗುವ ಮೊದಲು ತಂತಿಯನ್ನು ಗೇಣುದ್ದ ಕೆಳಕ್ಕೆ ಜೋತುಬಿಟ್ಟು ಮತ್ತೆ ಮೇಲೆತ್ತಬೇಕು.

"ಮಾಮಾ, ತಂತಿ ಸುಮ್ನ ಜಾಸ್ತಿ ಬಿಟ್ಟೀರಲ್ಲ?" ಎಂದ ಹುಡುಗ.

"ಮ್ಯಾಲಿಂದ ನೀರು ತಂತಿ ಹಿಡಕೊಂಡು ಬರತೈತಿ. ಜೋತುಬಿದ್ದ ಕಡೆ ಹನಿ ಉದುರಿ ಹೋಗಲಿ, ಡಬ್ಬಿಗೆ ಹತ್ತಬಾರದು."

ಇನ್ನು ಅಡಾಪ್ಟರನ್ನು ದೋಣಿಯ ಬೆನ್ನೆಲುಬಿನಂಥ ಮುಖ್ಯ ತಂತಿಗೆ ಸೇರಿಸುವುದು. ಆ ತಂತಿಯ ಎರಡು ಕೊನೆಗಳಲ್ಲಿಯೂ 120 ಓಮಿನ ಒಂದೊಂದು ಟರ್ಮಿನೇಟರ್ ಇರಬೇಕು. ಇಲ್ಲದಿದ್ದರೆ ಸಂದೇಶಗಳು ಕೊನೆಗೆ ಬಡಿದು, ಗುಹೆಯಲ್ಲಿನ ಕೂಗಿನಂತೆ ಮರುದನಿಯಾಗಿ, ಒಂದರ ಮೇಲೊಂದು ಬೀಳುತ್ತವೆ. ಪರೀಕ್ಷೆ ಬಲು ಸರಳ. ವಿದ್ಯುತ್ತನ್ನು ಆರಿಸಿ, ಬಿಳಿ ಮತ್ತು ನೀಲಿ ತಂತಿಗಳ ನಡುವೆ ಅಳೆದರೆ 60 ಬರಬೇಕು. ಇಲ್ಲಿ 120 ಬಂತು. ಒಂದು ಟರ್ಮಿನೇಟರ್ ಇಲ್ಲವೆಂದು ಅದರ ಅರ್ಥ. ಅರ್ಧ ಗಂಟೆ ಹುಡುಕಿದ ಮೇಲೆ ಅದು ದೋಣಿಯ ಮುಂತಲೆಯಲ್ಲಿ ಕಳಚಿಬಿದ್ದು, ಹಳೆಯ ಹಗ್ಗದ ಸುರುಳಿಯೊಳಗೆ ಸಿಕ್ಕಿತು.

ಸಂಜೆಯ ಹೊತ್ತಿಗೆ ಯಂತ್ರಕ್ಕೆ ಪಾಠ ಹೇಳುವ ಕೆಲಸ ಉಳಿಯಿತು: ಚುಕ್ಕಾಣಿಯನ್ನು ಪೂರ್ತಿ ಎಡಕ್ಕೆ, ನಡುವಿಗೆ, ಪೂರ್ತಿ ಬಲಕ್ಕೆ ಒಯ್ದು, ಮೂರು ಸ್ಥಾನಗಳನ್ನು ಪರಿಚಯ ಮಾಡಿಸುವುದು. ಮಾವ ಗೂಡಿನಲ್ಲಿ, ಹುಡುಗ ಚಕ್ರದಲ್ಲಿ.

"ಮಾಮಾ, ಮುಳ್ಳು ಉಲ್ಟಾ ಓಡಾಕತ್ತೈತಿ!"

"ಚಕ್ರ ಯಾ ಕಡೆ ತಿರುವಿದಿ?"

"ಬಲಕ್ಕ. ಪರದೆ ಮ್ಯಾಲ ಮುಳ್ಳು ಎಡಕ್ಕ ಹೋಗೈತಿ."

ಸೆನ್ಸರನ್ನು ದಂಡದ ಯಾವ ಪಕ್ಕದಲ್ಲಿ ಕೂರಿಸಿದೆ, ಯಾವ ತುದಿಯಲ್ಲಿ ತಡೆ ಹೆಚ್ಚು ಎಂಬುದರ ಮೇಲೆ ಇದು ನಿಂತಿದೆ. ಅಡಾಪ್ಟರಿನ ಸೆಟ್ಟಿಂಗಿನಲ್ಲಿ ತಿರುವುಮುರುವು ಮಾಡಿದರೆ ಸರಿಹೋಗುತ್ತದೆ. ಸರಿಯೂ ಹೋಯಿತು. ಆದರೆ ಇಂಥ ತಪ್ಪು ಉಳಿದು ದೋಣಿ ನೀರಿಗಿಳಿದಿದ್ದರೆ ಏನಾಗುತ್ತಿತ್ತು? ಆಟೋಪೈಲಟ್ ಬಲಕ್ಕೆ ತಿರುಗಿಸಿ, ಚುಕ್ಕಾಣಿ ಎಡಕ್ಕೆ ಹೋಯಿತೆಂಬ ಸುದ್ದಿ ಕೇಳಿ, ಇನ್ನೂ ಬಲಕ್ಕೆ ತಿರುಗಿಸಿ, ಕೊನೆಯ ತಡೆಗೂಟಕ್ಕೆ ಬಡಿಯುವವರೆಗೆ ತಿರುಗಿಸುತ್ತಲೇ ಇರುತ್ತಿತ್ತು. ಆ ಯಂತ್ರದ ಬುದ್ಧಿಯೆಲ್ಲ ನಿಂತಿರುವುದು ಮರಳಿಬರುವ ಸುದ್ದಿಯ ಮೇಲೆ. ಈ ಗಣಿತವನ್ನು ಮೊದಲು ಬಿಡಿಸಿ ಬರೆದವನು ರಷ್ಯದಿಂದ ಅಮೆರಿಕಕ್ಕೆ ವಲಸೆ ಹೋದ ನಿಕೊಲಾಯ್ ಮಿನೋರ್ಸ್ಕಿ. 1922ರಲ್ಲಿ ಪ್ರಕಟವಾದ ಅವನ ಪ್ರಬಂಧ ಒಳ್ಳೆಯ ಚುಕ್ಕಾಣಿಗನ ನಡವಳಿಕೆಯನ್ನೇ ಗಣಿತಕ್ಕೆ ಇಳಿಸಿತು. ನುರಿತವನು ನೌಕೆ ದಿಕ್ಕು ತಪ್ಪಿದುದೆಷ್ಟು ಎಂಬುದನ್ನಷ್ಟೇ ನೋಡುವುದಿಲ್ಲ. ಎಷ್ಟು ವೇಗದಿಂದ ತಪ್ಪುತ್ತಿದೆ, ಎಷ್ಟು ಹೊತ್ತಿನಿಂದ ತಪ್ಪಿಕೊಂಡೇ ಬಂದಿದೆ ಎಂಬುದನ್ನೂ ಕೈಯಲ್ಲಿ ಗ್ರಹಿಸುತ್ತಾನೆ. ನೌಕೆ ಸರಿದಾರಿಗೆ ಬರುವುದಕ್ಕೆ ಮುಂಚೆಯೇ ಚಕ್ರವನ್ನು ಸಡಿಲಿಸುತ್ತಾನೆ. ನ್ಯೂ ಮೆಕ್ಸಿಕೊ ಎಂಬ ಯುದ್ಧನೌಕೆಯಲ್ಲಿ ಅದರ ಪ್ರಯೋಗವೂ ನಡೆಯಿತು. ಇಂದು ಕಾರ್ಖಾನೆಗಳಲ್ಲಿ ಕುಲುಮೆಯ ಬಿಸಿಯನ್ನು ಹದದಲ್ಲಿಡುವ ಯಂತ್ರಗಳು ನಡೆಯುವುದು ಇದೇ ಸೂತ್ರದಿಂದ.

ಮರುದಿನ ಬೆಳಿಗ್ಗೆ ಪಾತ್ರಾಂವ್ ಪರೀಕ್ಷೆಗೆ ಬಂದ. ಹುರಿಯ ಗಂಟು ಮೇಲಿತ್ತು. ಪರದೆಯ ಮೇಲೆ ಸೊನ್ನೆ. ಅವನು ಚಕ್ರವನ್ನು ಬಲಕ್ಕೆ ತುಸು ತಿರುಗಿಸಿದ. ಸೊನ್ನೆ ಕದಲಲಿಲ್ಲ. ಇನ್ನೂ ತಿರುಗಿಸಿದ. ಚಕ್ರ ಹೆಚ್ಚುಕಡಿಮೆ ಕಾಲುಸುತ್ತು ಬಂದ ಮೇಲೆ ಮುಳ್ಳು ಎಚ್ಚರಗೊಂಡಂತೆ ನೆಗೆಯಿತು. ಎಡಕ್ಕೆ ತಂದಾಗಲೂ ಹಾಗೆಯೇ.

"ಮೀಟರು ಮಲಗಿದೆ," ಎಂದ ಪಾತ್ರಾಂವ್. "ಇಷ್ಟು ದುಡ್ಡು ಸುರಿದದ್ದು ಇದಕ್ಕೋ? ಇಷ್ಟು ವರ್ಷ ಈ ಚಕ್ರದಲ್ಲಿ ದೋಣಿ ನಡೆಸಿದ್ದೇನೆ. ಏನೂ ಆಗಿರಲಿಲ್ಲ." ಘಾಂಟಿ ಎಂಬ ಮಾತು ಅವನ ಬಾಯಿಂದ ಬರಲಿಲ್ಲ; ಬಂದಷ್ಟೇ ಆಯಿತು. ತಂತಿ ಬಿಚ್ಚಿ ಮತ್ತೆ ಹಾಕು, ಇಲ್ಲವೇ ಕೂಲಿಯ ಮಾತೆತ್ತಬೇಡ ಎಂದು ಹೇಳಿ, ಛತ್ರಿ ಬಿಡಿಸಲು ಹೊರಟ.

ಹುಡುಗನ ಮುಖ ಬಿಳಿಚಿತು. ಒತ್ತಿದ ಟರ್ಮಿನಲ್ಲುಗಳೆಲ್ಲ ಅವನ ಕೈಯವೇ. ಮಾವ ಮಾತ್ರ ಸ್ವಲ್ಪ ಹೊತ್ತು ಸುಮ್ಮನೆ ನಿಂತಿದ್ದ. ಬಳಿಕ, "ಪಾತ್ರಾಂವ್, ಒಂದು ನಿಮಿಷ ಚಕ್ರ ಮುಟ್ಟದೆ ನಿಂತಿರಿ, ಪರದೆ ಮಾತ್ರ ನೋಡಿ," ಎಂದು ಕೊಂಕಣಿಯಲ್ಲಿ ಹೇಳಿ, ಹುಡುಗನಿಗೆ ಕೂಗಿದ: "ಲೇ, ಕೆಳಗ ಇಳದು ಚುಕ್ಕಾಣಿ ಹಲಗಿ ಕೈಲೆ ನೂಕು. ಮೆಲ್ಲಕ."

ದೋಣಿ ನೆಲದ ಮೇಲಿದ್ದುದರಿಂದ ಇದು ಸಾಧ್ಯವಾಯಿತು. ಹುಡುಗ ಏಣಿಯಿಳಿದು, ಕೆಸರಿನಲ್ಲಿ ನಿಂತು, ಅಂಗೈಯಿಂದ ಹಲಗೆಯನ್ನು ತಳ್ಳಿದ. ಆ ಕ್ಷಣವೇ ಪರದೆಯ ಮೇಲೆ ಒಂದು, ಎರಡು, ಮೂರು, ನಾಲ್ಕು. ಈಚೆಗೆ ಎಳೆದ, ಮೂರು, ಎರಡು, ಒಂದು, ಸೊನ್ನೆ, ಆಚೆಯ ಒಂದು. ಮುಳ್ಳು ಒಂದಿಷ್ಟೂ ತಡಮಾಡಲಿಲ್ಲ. ಚಕ್ರವೋ, ಹುರಿಯ ಗಂಟನ್ನು ತಲೆಯ ಮೇಲೆ ಹೊತ್ತು, ಏನೂ ನಡೆದೇ ಇಲ್ಲವೆಂಬಂತೆ ನಿಶ್ಚಲವಾಗಿ ನಿಂತಿತ್ತು.

ಪಾತ್ರಾಂವ್ ಛತ್ರಿಯನ್ನು ಕೆಳಗಿಟ್ಟ. ದೋಣಿಯವನಾದ ಅವನಿಗೆ ಇನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ. ಸೆನ್ಸರು ಚುಕ್ಕಾಣಿಯ ಮಾತನ್ನು ಸರಿಯಾಗಿಯೇ ಹೇಳುತ್ತಿದೆ. ಚಕ್ರಕ್ಕೂ ಚುಕ್ಕಾಣಿಗೂ ನಡುವೆ ಎಲ್ಲಿಯೋ ಸಂಬಂಧ ಸಡಿಲಿದೆ. ಅವನೇ ದೀಪ ತೆಗೆದುಕೊಂಡು, ಪ್ಯಾಂಟು ಕೊಳೆಯಾಗುವುದನ್ನೂ ಲೆಕ್ಕಿಸದೆ, ಗೂಡಿನೊಳಗೆ ತೆವಳಿದ. ಬಲಗಡೆಯ ರಾಟೆಯ ಹಿಂಬದಿಯಲ್ಲಿ, ಮೇಲಿನಿಂದ ಕಾಣದ ತಿರುವಿನಲ್ಲಿ, ತಂತಿಹಗ್ಗದ ಎಳೆಗಳು ಒಂದೊಂದಾಗಿ ಹರಿದು ಮುಳ್ಳುಹಂದಿಯ ಮೈಯಂತೆ ನಿಮಿರಿದ್ದವು. ಹಿಡಿಕೆಯ ನಟ್ಟು ಜಾರಿ ಹಗ್ಗ ಸಡಿಲವಾಗಿತ್ತು. ಉಳಿದ ಎಳೆಗಳನ್ನು ಮುದಿ ಮೇಸ್ತ್ರಿ ಬೆರಳಿಂದ ಎಣಿಸಿ, ಏನೂ ಹೇಳದೆ, ಶಿಲುಬೆಯ ಗುರುತು ಮಾಡಿಕೊಂಡ.

ಅಗುವಾದದ ದಿಣ್ಣೆಯ ಮೇಲೆ ಹೊಳೆಯ ಇಳಿತವೂ ಸಮುದ್ರದ ಅಲೆಯೂ ಎದುರುಬದುರಾಗಿ ಏಳುವ ಜಾಗದಲ್ಲಿ ದೋಣಿಯ ಹಿಂಬದಿಯನ್ನು ಅಲೆ ಎತ್ತಿ ಪಕ್ಕಕ್ಕೆ ಎಸೆಯುತ್ತದೆ. ಅಲ್ಲಿ ಚುಕ್ಕಾಣಿಯನ್ನು ಬಲವಾಗಿ, ಥಟ್ಟನೆ ಎಳೆಯಬೇಕು. ಆ ಹಗ್ಗ ಹರಿಯುವುದಿದ್ದರೆ ಅಲ್ಲಿಯೇ ಹರಿಯುತ್ತಿತ್ತು. ಎಂಟು ಮಂದಿ ಪ್ರವಾಸಿಗರನ್ನು ಕೂರಿಸಿಕೊಂಡು ಹೋಗುವ ಯೋಜನೆಯಿತ್ತು.

ಪಾತ್ರಾಂವ್ ಕ್ಷಮೆ ಕೇಳಿದನೆಂದು ಬರೆದರೆ ಕಥೆ ಚೆಂದವಾಗುತ್ತಿತ್ತು, ಅವನು ಕೇಳಲಿಲ್ಲ. ಗೂಡಿನಿಂದ ಹೊರಬಂದು, ಕೈಯ ಗ್ರೀಸನ್ನು ಒರಸುತ್ತ, ಎರಡೂ ಕಡೆಯ ಹಗ್ಗ, ರಾಟೆ, ಹಿಡಿಕೆ ಎಲ್ಲ ಹೊಸದು ತರಿಸಬೇಕೆಂದು ಮೇಸ್ತ್ರಿಗೆ ಹೇಳಿದ. ಅನಂತರ ಎಲೆಕ್ಟ್ರಿಷಿಯನ್ನಿನ ಕಡೆಗೆ ತಿರುಗದೆಯೇ, ತನ್ನ ತಮ್ಮನದೊಂದು ದೋಣಿ ರಿಬಂದರಿನಲ್ಲಿ ಕಟ್ಟಿದೆ, ಅದರ ಚುಕ್ಕಾಣಿಯನ್ನೂ ಒಮ್ಮೆ ನೋಡಬೇಕು, ಎಂದಿಗೆ ಬರುತ್ತೀರಿ ಎಂದು ಕೇಳಿದ. 'ನೀನು' ಹೋಗಿ 'ನೀವು' ಬಂದುದನ್ನು ಹುಡುಗ ಗಮನಿಸಿದ. ಮಾವನ ಮುಖ ನೋಡಿದ. ಮಾವ ಮೀಟರಿನ ತಂತಿ ಸುತ್ತಿಕೊಳ್ಳುತ್ತಿದ್ದ.

ಹೊಸ ಹಗ್ಗ ಬರಲು ಹತ್ತು ದಿನ ಹಿಡಿಯಿತು. ಬಿಗಿದ ಮೇಲೆ ಮೂರು ಸ್ಥಾನಗಳ ಪಾಠವನ್ನು ಮತ್ತೆ ಮೊದಲಿನಿಂದ ಹೇಳಬೇಕಾಯಿತು. ಮೇಸ್ತ್ರಿ ಹಳೆಯ ಗಂಟನ್ನು ಕೊಯ್ದು, ಪರದೆ ಸೊನ್ನೆ ತೋರಿದಾಗ ಮೇಲಕ್ಕೆ ಬಂದ ಅರೆಕಾಲಿಗೆ ಬಿಳಿಯ ಹುರಿಯಲ್ಲಿ ಹೊಸದೊಂದನ್ನು ಹೆಣೆದ. ಪರದೆ ಕೆಟ್ಟರೆ ಇರಲಿ ಎಂದ. ಅದನ್ನು ಯಾರೂ ಅಲ್ಲಗಳೆಯಲಿಲ್ಲ.

ಆ ಸಂಜೆ ಮಾವ ಸೋದರಳಿಯರು ಹಳೆಯ ಗೋವೆಯ ಕಡೆಗೆ ದೋಣಿ ಹತ್ತಿದಾಗ ಮಳೆ ಹನಿಯಾಗಿ, ಹನಿ ಧಾರೆಯಾಗಿ, ಎದುರು ದಡದ ಇಗರ್ಜಿಗಳ ಬಿಳುಪು ಒಂದೊಂದಾಗಿ ಅಳಿಸಿಹೋಗುತ್ತಿತ್ತು. ಮೊಬೈಲು ಹೊಡೆದುಕೊಂಡಿತು. ನರಗುಂದದಿಂದ ಅಕ್ಕ.

"ಇಲ್ಲಿ ಜಡಿದು ಹೊಡ್ಯಾಕತ್ತೈತಿ ನೋಡಕ್ಕಾ," ಎಂದು ಅವನು ಎಂಜಿನಿನ ಸದ್ದಿನ ಮೇಲೆ ಕೂಗಿ ಹೇಳಿದ. "ಅಲ್ಲಿ ಹನಿ ಬಂತೇನು?"

ಹುಡುಗ ಅತ್ತ ಗಮನ ಕೊಡಲಿಲ್ಲ. ಅವನು ಕಂಬಿಯನ್ನು ಹಿಡಿದು, ತಲೆಯೆತ್ತಿ, ಮೇಲಿನ ಕಿರುಕೋಣೆಯಲ್ಲಿ ಚಕ್ರ ತಿರುಗುವುದನ್ನು ನೋಡಿ, ತಟ್ಟನೆ ಹಿಂಬದಿಗೆ ಓಡಿಹೋಗಿ, ಕೆಂಪುನೀರಿನ ಸುಳಿ ಯಾವ ಕಡೆಗೆ ಹೊರಳುತ್ತದೆಂದು ಬಾಗಿ ನೋಡುತ್ತಿದ್ದ.